ಎನ್‌ಕೌಂಟರ್: ಒಂದು ವಿಭಕ್ತಿಪಲ್ಲಟದ ಕಥೆ

ಸಾಹಿತ್ಯ ವಿಮರ್ಶೆಯ ಪರಿಭಾಷೆಯಲ್ಲಿ ‘ಎನ್‌ಕೌಂಟರ್’ ಎಂಬ ಇಂಗ್ಲಿಷ್ ಪದಕ್ಕೆ ಕನ್ನಡದ ಒಂದು ಒಳ್ಳೆಯ ಸಂವಾದಿ ಪದವಿದೆ. ಅದು ‘ಮುಖಾಮುಖಿ’. ಪೂರ್ವ ಮತ್ತು ಪಶ್ಚಿಮಗಳ ಮುಖಾಮುಖಿ, ಸಂಪ್ರದಾಯ ಮತ್ತು ಆಧುನಿಕತೆಗಳ ಮುಖಾಮುಖಿ ಎಂಬ ಮಾತುಗಳು ಕನ್ನಡ ಎಂ.ಎ. ತರಗತಿಗಳಲ್ಲಿ ಸವೆದುಹೋಗುವಷ್ಟು ಬಳಕೆಯಾಗಿವೆ. ತಲಾಲ್ ಅಸದ್ 1973ರಲ್ಲಿ ಸಂಪಾದಿಸಿದ, ಮಾನವಶಾಸ್ತ್ರ ಮತ್ತು ವಸಾಹತುಶಾಹಿಯ ಸಂಬಂಧವನ್ನು ಕುರಿತ ಪ್ರಸಿದ್ಧ ಗ್ರಂಥದ ಶೀರ್ಷಿಕೆಯಲ್ಲಿರುವುದೂ ಇದೇ ಇಂಗ್ಲಿಷ್ ಪದ. ಅದನ್ನು ಕನ್ನಡಕ್ಕೆ ತರುವವರು ಯಾವ ಅನುಮಾನವೂ ಇಲ್ಲದೆ ‘ಮುಖಾಮುಖಿ’ ಎಂದೇ ಬರೆಯುತ್ತಾರೆ.

ತರಗತಿಯಿಂದ ಹೊರಬಂದ ವಿದ್ಯಾರ್ಥಿ ಗ್ರಂಥಾಲಯದಲ್ಲಿ ದಿನಪತ್ರಿಕೆಯನ್ನು ತೆರೆದರೆ ಅದೇ ಪದ ಅಲ್ಲಿಯೂ ಎದುರಾಗುತ್ತದೆ. ಆದರೆ ಅಲ್ಲಿ ಅದು ಅನುವಾದಗೊಂಡಿರುವುದಿಲ್ಲ. ‘ಪೊಲೀಸ್ ಮುಖಾಮುಖಿಯಲ್ಲಿ ಇಬ್ಬರ ಸಾವು’ ಎಂದು ಬರೆಯುವ ಪತ್ರಿಕೆ ಕಾಣಸಿಗದು. ಹಾಗೆ ಬರೆದರೆ ಓದುಗರು ನಕ್ಕಾರು. ಅಲ್ಲಿ ‘ಎನ್‌ಕೌಂಟರ್’ ಎಂದೇ ಇರಬೇಕು. ಭೇಟಿಯ ಅರ್ಥವಿರುವಲ್ಲಿ ಅನುವಾದ, ಸಾವಿನ ಅರ್ಥವಿರುವಲ್ಲಿ ಲಿಪ್ಯಂತರ. ಒಂದೇ ಪದವನ್ನು ಕನ್ನಡ ಎರಡು ಬಗೆಯಾಗಿ ಬರಮಾಡಿಕೊಂಡಿರುವುದು ಆಕಸ್ಮಿಕವಲ್ಲ. ಅನುವಾದವೆಂದರೆ ಅರ್ಥವನ್ನು ಬಿಡಿಸಿ ಹೇಳುವ ಕೆಲಸ. ಬಿಡಿಸಿ ಹೇಳಲು ಮನಸ್ಸಿಲ್ಲದ ಕಡೆ ಲಿಪ್ಯಂತರ ಅನುಕೂಲ.

ಪದದ ಮೂಲವನ್ನು ನೋಡಿದರೆ ಅದರಲ್ಲಿ ಹಗೆತನದ ಬೀಜ ಇಲ್ಲದಿಲ್ಲ. ಲ್ಯಾಟಿನ್ನಿನ ‘ಕೊಂತ್ರಾ’, ಅಂದರೆ ‘ಎದುರು’, ಎಂಬುದು ಇದರ ತಿರುಳು. ಹಳೆಯ ಫ್ರೆಂಚಿನ ಮೂಲಕ ಮಧ್ಯಯುಗದ ಇಂಗ್ಲಿಷಿಗೆ ಬಂದಾಗ ಅದಕ್ಕೆ ‘ಎದುರಾಳಿಯಾಗಿ ಎದುರಾಗು’ ಎಂಬ ಅರ್ಥವೇ ಮುಖ್ಯವಾಗಿತ್ತು. ಕಾಲಕ್ರಮದಲ್ಲಿ ಹಗೆತನ ಕರಗಿ ‘ಅನಿರೀಕ್ಷಿತ ಭೇಟಿ’ ಎಂಬ ಸೌಮ್ಯಾರ್ಥ ಮೇಲುಗೈ ಪಡೆಯಿತು. ಇಂದು ಬ್ರಿಟನ್ನಿನಲ್ಲಿಯೋ ಅಮೆರಿಕದಲ್ಲಿಯೋ ಪೊಲೀಸರೊಂದಿಗಿನ ‘ಎನ್‌ಕೌಂಟರ್’ ಎಂದರೆ ರಸ್ತೆಯಲ್ಲಿ ಕಾರು ನಿಲ್ಲಿಸಿ ಪರವಾನಗಿ ಕೇಳುವುದೂ ಆಗಬಹುದು. ಹಳೆಯದಿರಲಿ ಹೊಸದಿರಲಿ, ಈ ಎರಡೂ ಅರ್ಥಗಳಲ್ಲಿ ಒಂದು ಅಂಶ ಮಾತ್ರ ಬದಲಾಗಿಲ್ಲ: ಎನ್‌ಕೌಂಟರ್ ಆಗಬೇಕಾದರೆ ಇಬ್ಬರು ಇರಬೇಕು, ಅವರು ಎದುರುಬದುರಾಗಬೇಕು.

ಭಾರತೀಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಈ ಪದ ಪೊಲೀಸ್ ಗುಂಡಿನಿಂದಾದ ಸಾವಿಗೆ ಹೆಸರಾದದ್ದಕ್ಕೆ ಒಂದು ಚರಿತ್ರೆಯಿದೆ. 1960ರ ದಶಕದ ಕೊನೆ ಮತ್ತು 70ರ ದಶಕದ ಆಂಧ್ರಪ್ರದೇಶದಲ್ಲಿ ನಕ್ಸಲೀಯ ಚಳವಳಿಯ ಸಂದರ್ಭದಲ್ಲಿ ನಡೆದ ಸಾವುಗಳ ವರದಿಗಳಲ್ಲಿ ಇದು ಮತ್ತೆ ಮತ್ತೆ ಕಾಣಿಸಿಕೊಂಡಿತು. ತುರ್ತುಪರಿಸ್ಥಿತಿಯ ಕಾಲದ ಅಂಥ ಸಾವುಗಳನ್ನು ಪರಿಶೀಲಿಸಲು 1977ರಲ್ಲಿ ವಿ.ಎಂ. ತಾರ್ಕುಂಡೆ ಅವರ ನೇತೃತ್ವದ ಸಮಿತಿ ಮುಂದಾಯಿತು. ಮುಂಬಯಿಯಲ್ಲಿ 1982ರ ಜನವರಿಯಲ್ಲಿ ಮನ್ಯಾ ಸುರ್ವೆ ಎಂಬಾತ ವಡಾಲಾದಲ್ಲಿ ಪೊಲೀಸರ ಗುಂಡಿಗೆ ಸತ್ತದ್ದನ್ನು ಆ ನಗರದ ಮೊದಲ ಎನ್‌ಕೌಂಟರ್ ಎಂದು ಗುರುತಿಸುವ ವಾಡಿಕೆಯಿದೆ. ಮುಂದೆ ಅದೇ ನಗರದ ಪತ್ರಿಕೆಗಳು ‘ಎನ್‌ಕೌಂಟರ್ ಸ್ಪೆಷಲಿಸ್ಟ್’ ಎಂಬ ನುಡಿಗಟ್ಟನ್ನು ಚಲಾವಣೆಗೆ ತಂದವು. ಈ ನುಡಿಗಟ್ಟಿನ ಬಳಿ ಸ್ವಲ್ಪ ನಿಲ್ಲಬೇಕು. ಅನಿರೀಕ್ಷಿತವಾಗಿ ಎದುರಾಗುವುದರಲ್ಲಿ ಒಬ್ಬ ಪರಿಣತನಾಗುವುದು ಹೇಗೆ? ಆಕಸ್ಮಿಕಕ್ಕೆ ತಜ್ಞರಿರುವುದಿಲ್ಲ. ತಜ್ಞತೆ ಬರುವುದು ಉದ್ದೇಶಪೂರ್ವಕವಾಗಿ, ಪದೇ ಪದೇ ಮಾಡುವ ಕೆಲಸದಲ್ಲಿ. 2004ರ ಒಂದು ಹಿಂದಿ ಚಲನಚಿತ್ರದ ಹೆಸರೇ ‘ಅಬ್ ತಕ್ ಛಪ್ಪನ್’, ಅಂದರೆ ‘ಇಲ್ಲಿಯವರೆಗೆ ಐವತ್ತಾರು’. ಪದ ಲೆಕ್ಕಕ್ಕೆ ಸಿಗುವ ಹೊತ್ತಿಗೆ ಅದರೊಳಗಿನ ‘ಭೇಟಿ’ ಸತ್ತುಹೋಗಿತ್ತು.

ಭಾರತದ ಬೇರೆ ಭಾಷೆಗಳೂ ಈ ಪದವನ್ನು ತಮ್ಮದಾಗಿಸಿಕೊಳ್ಳಲು ಯತ್ನಿಸಿವೆ. ಹಿಂದಿ ಪತ್ರಿಕೆಗಳ ‘ಮುಠಭೇಡ್’ ಎಂದರೆ ಎರಡು ಕಡೆಯವರು ಎದುರಾಗಿ ಡಿಕ್ಕಿಯಾಗುವುದು. ತೆಲುಗಿನ ‘ಎದುರುಕಾಲ್ಪುಲು’ ಎಂಬುದರಲ್ಲಿ ಎರಡೂ ಕಡೆಯಿಂದ ಗುಂಡು ಹಾರಿದ ಸೂಚನೆಯಿದೆ. ಕನ್ನಡ ಪತ್ರಿಕೆಗಳಲ್ಲಿ ‘ಗುಂಡಿನ ಚಕಮಕಿ’ ಎಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಚಕಮಕಿ ತುರ್ಕಿ ಮೂಲದಿಂದ ಬಂದ ಪದ, ಬೆಂಕಿಕಲ್ಲಿನ ಹೆಸರು. ಕಲ್ಲಿಗೆ ಉಕ್ಕು ತಾಗದೆ ಕಿಡಿ ಹಾರುವುದಿಲ್ಲ. ಹೀಗಾಗಿ ‘ಗುಂಡಿನ ಚಕಮಕಿ’ ಎಂದು ಬರೆದವರು ತಿಳಿದೋ ತಿಳಿಯದೆಯೋ ಎರಡೂ ಬದಿಯಿಂದ ಗುಂಡು ಹಾರಿತೆಂದು ಸಾಕ್ಷಿ ನುಡಿದಂತಾಗುತ್ತದೆ. ಮೂರೂ ಭಾಷೆಗಳ ಅನುವಾದಗಳು ಪದದ ದ್ವಿಪಕ್ಷೀಯತೆಯನ್ನು ಉಳಿಸಿಕೊಂಡಿವೆ. ಸ್ಥಳದಲ್ಲಿ ಇಲ್ಲದ ವರದಿಗಾರ, ಸ್ಥಳದಲ್ಲಿದ್ದ ಒಂದು ಪಕ್ಷದ ಮಾತನ್ನು ಮಾತ್ರ ಕೇಳಿ, ಎರಡು ಪಕ್ಷಗಳ ಕದನವನ್ನು ವರ್ಣಿಸುವ ಪರಿ ಇದು.

ಆದರೆ ಕನ್ನಡವು ಈ ಪದಕ್ಕೆ ಮಾಡಿದ ನಿಜವಾದ ಕೆಲಸ ಅನುವಾದದಲ್ಲಿ ಇಲ್ಲ, ವಿಭಕ್ತಿಯಲ್ಲಿದೆ. ಎರವಲು ಪದ ಯಾವುದೇ ಇರಲಿ, ಅದು ಕನ್ನಡದ ವಾಕ್ಯದಲ್ಲಿ ಕೂರಬೇಕಾದರೆ ಒಂದು ಪ್ರತ್ಯಯವನ್ನೋ ಒಂದು ಸಹಾಯಕ ಕ್ರಿಯೆಯನ್ನೋ ಪಡೆಯಲೇಬೇಕು. ‘ಎನ್‌ಕೌಂಟರ್’ ಪಡೆದ ಪ್ರತ್ಯಯಗಳನ್ನು ಒಂದೊಂದಾಗಿ ನೋಡಿದರೆ ಅದರ ಅರ್ಥ ಸಾಗಿಬಂದ ದಾರಿ ಸ್ಪಷ್ಟವಾಗುತ್ತದೆ.

ಮೊದಲನೆಯದು ಸಪ್ತಮಿ: ‘ಎನ್‌ಕೌಂಟರ್‌ನಲ್ಲಿ ಮೂವರು ಹತ’. ಇಲ್ಲಿ ಎನ್‌ಕೌಂಟರ್ ಒಂದು ಸ್ಥಳ, ಒಂದು ಸನ್ನಿವೇಶ. ಮಳೆಯಲ್ಲಿ ನೆನೆದಂತೆ, ಪ್ರವಾಹದಲ್ಲಿ ಕೊಚ್ಚಿಹೋದಂತೆ, ಅಪಘಾತದಲ್ಲಿ ಸತ್ತಂತೆ ಮೂವರು ಅದರಲ್ಲಿ ಸತ್ತರು. ‘ಹತ’ ಎಂಬ ಕೃದಂತವು ಕರ್ತೃವಿನ ಹೆಸರನ್ನು ಕೇಳುವುದಿಲ್ಲ. ಕೊಂದವರು ಯಾರೆಂಬ ಪ್ರಶ್ನೆಗೆ ವಾಕ್ಯದಲ್ಲಿ ಜಾಗವಿಲ್ಲ.

ಎರಡನೆಯದು ಚತುರ್ಥಿ: ‘ಎನ್‌ಕೌಂಟರ್‌ಗೆ ಬಲಿ’. ಪತ್ರಿಕೆಗಳ ತಲೆಬರಹಗಳಿಗೆ ಈ ರೂಪ ಬಹಳ ಪ್ರಿಯ. ರೋಗಕ್ಕೆ ಬಲಿ, ಬರಕ್ಕೆ ಬಲಿ ಎನ್ನುವಾಗಿನ ಚತುರ್ಥಿಯೇ ಇದು. ಬಲಿಯೆಂದಾಗ ಅದನ್ನು ಸ್ವೀಕರಿಸುವ ಒಂದು ಶಕ್ತಿ ಬೇಕು. ಇಲ್ಲಿ ಆ ಶಕ್ತಿ ಎನ್‌ಕೌಂಟರ್ ಎಂಬ ಘಟನೆಯೇ ಆಗಿಬಿಡುತ್ತದೆ. ಗುಂಡು ಹಾರಿಸಿದ ಕೈ ಇನ್ನೂ ಕಾಣುವುದಿಲ್ಲ. ಘಟನೆಯೇ ಮನುಷ್ಯನನ್ನು ನುಂಗಿತೆಂಬ ಭಾವ ಮೂಡುತ್ತದೆ.

ಮೂರನೆಯದು ದ್ವಿತೀಯೆ: ‘ಆರೋಪಿಯನ್ನು ಎನ್‌ಕೌಂಟರ್ ಮಾಡಿದರು’. ಸಂಬಂಧವೇ ಇಲ್ಲಿ ತಲೆಕೆಳಗಾಗಿದೆ. ಇಂಗ್ಲಿಷಿನಲ್ಲಿ ಈ ನಾಮಪದ ‘ಒಡನೆ’ ಎಂಬ ಸಹಾರ್ಥದ ಸಂಬಂಧವನ್ನು ಬೇಡುತ್ತಿತ್ತು. ಎನ್‌ಕೌಂಟರ್ ಯಾರ ಜೊತೆ ನಡೆಯಿತೆಂಬುದು ಅಲ್ಲಿಯ ಪ್ರಶ್ನೆ. ಕನ್ನಡದಲ್ಲಿ ಅದು ಸಕರ್ಮಕ ಕ್ರಿಯೆಯಾಯಿತು. ಯಾರನ್ನು ಎನ್‌ಕೌಂಟರ್ ಮಾಡಿದರೆಂಬುದು ಇಲ್ಲಿಯ ಪ್ರಶ್ನೆ. ಕರ್ತೃ ಮರಳಿ ಬಂದ, ಕರ್ಮ ಸಿಕ್ಕಿತು, ಎದುರಾಳಿ ಮಾಯವಾದ. ಕೊಲ್ಲು, ಕಡಿ, ಹೊಡೆ ಎಂಬ ಧಾತುಗಳ ಸಾಲಿನಲ್ಲಿ ‘ಎನ್‌ಕೌಂಟರ್ ಮಾಡು’ ಸಹಜವಾಗಿ ಹೋಗಿ ಕುಳಿತಿತು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ದೂರದರ್ಶನದ ಚರ್ಚೆಯಲ್ಲಿ ಈ ಪ್ರಯೋಗವನ್ನು ಕೇಳಿದ ಕನ್ನಡಿಗರಾರೂ ಅದನ್ನು ‘ಇಬ್ಬರ ನಡುವಣ ಕಾದಾಟ’ ಎಂದು ತಿಳಿಯುವುದಿಲ್ಲ.

‘ಶಬ್ದಮಣಿದರ್ಪಣ’ದ ಕರ್ತೃ ಕೇಶಿರಾಜನು ವಿಭಕ್ತಿಪಲ್ಲಟವನ್ನು ಒಂದು ವ್ಯಾಕರಣ ವಿಶೇಷವಾಗಿ ನಿರೂಪಿಸಿದ್ದಾನೆ. ಒಂದು ವಿಭಕ್ತಿ ಬರಬೇಕಾದಲ್ಲಿ ಇನ್ನೊಂದು ಬಂದರೂ ಅಲ್ಲಿ ಅರ್ಥಕ್ಕೆ ಹಾನಿಯಿಲ್ಲ. ‘ಎನ್‌ಕೌಂಟರ್’ ಪದದ ಪಲ್ಲಟ ಆ ಬಗೆಯದಲ್ಲ. ಇಲ್ಲಿ ವಿಭಕ್ತಿಯೊಡನೆ ಅರ್ಥವೂ ಪಲ್ಲಟವಾಗಿದೆ; ಅಥವಾ ನಾಮಪದ ಮುಚ್ಚಿಟ್ಟ ಅರ್ಥವನ್ನು ವಿಭಕ್ತಿ ಹೊರಗೆಳೆದಿದೆ. ಇಂಗ್ಲಿಷ್ ವರದಿ ಉಟ್ಟ ಮುಸುಕನ್ನು ಕನ್ನಡದ ‘ಅನ್ನು’ ಎಂಬ ಎರಡಕ್ಷರದ ಪ್ರತ್ಯಯ ಸರಿಸಿದೆ. ಆಡುಮಾತಿನ ವ್ಯಾಕರಣ ಮುದ್ರಿತ ಸುದ್ದಿಗಿಂತ ಪ್ರಾಮಾಣಿಕವಾಗಿರಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಈ ಪದಕ್ಕೆ ಅಂಟಿಕೊಂಡ ವಿಶೇಷಣಗಳೂ ಇದೇ ಸಂಗತಿಯನ್ನು ಹೇಳುತ್ತವೆ. ‘ನಕಲಿ ಎನ್‌ಕೌಂಟರ್’ ಎಂಬ ಮಾತು ಹುಟ್ಟಬೇಕಾದರೆ ಬರಿಯ ‘ಎನ್‌ಕೌಂಟರ್’ ಅಸಲಿ ಎಂಬ ತೀರ್ಮಾನ ಮೊದಲೇ ಆಗಿರಬೇಕು. ಅಂದರೆ ವಿಶೇಷಣವಿಲ್ಲದ ಪ್ರತಿಯೊಂದು ಪ್ರಯೋಗವೂ ತನಿಖೆಗೆ ಮುನ್ನವೇ ಕೊಟ್ಟ ಪ್ರಮಾಣಪತ್ರ. ಉತ್ತರ ಭಾರತದ ಪತ್ರಿಕೆಗಳಲ್ಲಿ ಕಾಣುವ ‘ಹಾಫ್ ಎನ್‌ಕೌಂಟರ್’ ಎಂಬುದು ಇನ್ನೂ ವಿಚಿತ್ರ. ಆರೋಪಿಯ ಕಾಲಿಗೆ ಗುಂಡು ಹೊಡೆದು ಹಿಡಿಯುವುದಕ್ಕೆ ಅಲ್ಲಿ ಈ ಹೆಸರು. ಭೇಟಿ ಅರ್ಧವಾಗುವುದಿಲ್ಲ, ಕದನವೂ ಅರ್ಧವಾಗುವುದಿಲ್ಲ. ಸಾವನ್ನು ಪೂರ್ಣವೆಂದು ಎಣಿಸಿದಾಗ ಮಾತ್ರ ಗಾಯ ‘ಅರ್ಧ’ವಾಗುತ್ತದೆ. ಪದದ ಪೂರ್ಣಾರ್ಥ ಏನೆಂಬುದನ್ನು ಈ ‘ಅರ್ಧ’ವೇ ಬಯಲುಮಾಡುತ್ತದೆ.

ಇದನ್ನು ಕೇವಲ ಶಬ್ದವಿಲಾಸವೆಂದು ತಳ್ಳಿಹಾಕಲಾಗದು. ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. 1991ರ ಜುಲೈಯಲ್ಲಿ ಉತ್ತರಪ್ರದೇಶದ ಪೀಲಿಭೀತ್ ಪ್ರದೇಶದಲ್ಲಿ ಸಿಖ್ ಯಾತ್ರಿಕರಿದ್ದ ಬಸ್ಸನ್ನು ಪೊಲೀಸರು ತಡೆದರು. ಅದರಿಂದ ಇಳಿಸಿಕೊಂಡ 10 ಮಂದಿಯನ್ನು ಕೊಂದು, ಅವರು ಉಗ್ರರೆಂದೂ ಎನ್‌ಕೌಂಟರಿನಲ್ಲಿ ಸತ್ತರೆಂದೂ ಹೇಳಿದರು. 25 ವರ್ಷಗಳ ಬಳಿಕ, 2016ರ ಏಪ್ರಿಲ್‌ನಲ್ಲಿ, ಲಖನೌದ ವಿಶೇಷ ಸಿಬಿಐ ನ್ಯಾಯಾಲಯ 47 ಪೊಲೀಸರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2022ರ ಡಿಸೆಂಬರಿನಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ಅಪರಾಧವನ್ನು ಕೊಲೆಯಲ್ಲದ ಮಾನವಹತ್ಯೆಯೆಂದು ಪರಿಗಣಿಸಿ 43 ಮಂದಿಯ ಶಿಕ್ಷೆಯನ್ನು 7 ವರ್ಷಕ್ಕೆ ಇಳಿಸಿತು. ಎರಡೂ ನ್ಯಾಯಾಲಯಗಳು ಅಪರಾಧದ ಸ್ವರೂಪದಲ್ಲಿ ಭಿನ್ನಾಭಿಪ್ರಾಯ ತಳೆದರೂ, ಅದು ಅಪರಾಧವೆಂಬುದರಲ್ಲಿ ತಳೆಯಲಿಲ್ಲ.

ಇನ್ನೊಂದು 2008ರ ಸೆಪ್ಟೆಂಬರ್ 19ರಂದು ದೆಹಲಿಯ ಬಾಟ್ಲಾ ಹೌಸ್ ಪ್ರದೇಶದಲ್ಲಿ ನಡೆದದ್ದು. ಅಲ್ಲಿ ಇಬ್ಬರು ಶಂಕಿತರೊಡನೆ ಪೊಲೀಸ್ ಇನ್‌ಸ್ಪೆಕ್ಟರ್ ಮೋಹನ್ ಚಂದ್ ಶರ್ಮಾ ಅವರೂ ಪ್ರಾಣ ತೆತ್ತರು. ಅವರ ಹತ್ಯೆಗೆ ಸಂಬಂಧಿಸಿದಂತೆ 2013ರಲ್ಲಿ ಒಬ್ಬನನ್ನೂ 2021ರಲ್ಲಿ ಮತ್ತೊಬ್ಬನನ್ನೂ ವಿಚಾರಣಾ ನ್ಯಾಯಾಲಯ ತಪ್ಪಿತಸ್ಥರೆಂದು ತೀರ್ಮಾನಿಸಿತು. ಕರ್ತವ್ಯದಲ್ಲಿದ್ದ ಅಧಿಕಾರಿಯೊಬ್ಬರು ಎದುರಿನಿಂದ ಬಂದ ಗುಂಡಿಗೆ ಪ್ರಾಣ ತೆತ್ತರೆಂಬುದು ವಿಚಾರಣೆಯಿಂದ ಸಿದ್ಧವಾದ ಸಂಗತಿ.

ಪೀಲಿಭೀತ್‌ಗೂ ಬಾಟ್ಲಾ ಹೌಸಿಗೂ ಸಂದ ಹೆಸರು ಒಂದೇ: ಎನ್‌ಕೌಂಟರ್. ನಿರಾಯುಧ ಯಾತ್ರಿಕರ ಸಾವಿಗೂ ಗುಂಡಿಗೆ ಎದೆಯೊಡ್ಡಿದ ಅಧಿಕಾರಿಯ ಸಾವಿಗೂ ಒಂದೇ ನಾಮಪದ ಸಲ್ಲುವುದಾದರೆ ಅನ್ಯಾಯ ಎರಡೂ ಕಡೆಗೆ ಆಗುತ್ತದೆ. ಯಾತ್ರಿಕರ ಮೇಲೆ ಅದು ಇಲ್ಲದ ಕದನವನ್ನು ಹೊರಿಸುತ್ತದೆ. ಅಧಿಕಾರಿಯ ವಿಷಯದಲ್ಲಿ ನಡೆದ ಕದನವನ್ನೇ ಅನುಮಾನದ ನೆರಳಿಗೆ ತಳ್ಳುತ್ತದೆ. ಸವೆದ ನಾಣ್ಯವನ್ನು ಅಂಗಡಿಯವನು ಎಲ್ಲರ ಕೈಯಿಂದಲೂ ತಿರುಗಿಸಿ ನೋಡುವಂತೆ, ಸವೆದ ಪದವನ್ನು ಓದುಗ ಪ್ರತಿ ಬಾರಿಯೂ ಶಂಕಿಸಿಯೇ ಓದುತ್ತಾನೆ. ಪ್ರಾಮಾಣಿಕ ಪೊಲೀಸ್ ಅಧಿಕಾರಿಗೆ ಈ ಪದದಿಂದ ಆದ ನಷ್ಟ ಸಣ್ಣದಲ್ಲ.

ಕಾನೂನು ಈ ವಿಷಯದಲ್ಲಿ ಪತ್ರಿಕೆಗಿಂತ ಎಚ್ಚರದಿಂದ ಮಾತಾಡಿದೆ. ಭಾರತೀಯ ದಂಡ ಸಂಹಿತೆಯಲ್ಲಾಗಲಿ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಾಗಲಿ ‘ಎನ್‌ಕೌಂಟರ್’ ಎಂಬ ಪ್ರತ್ಯೇಕ ವರ್ಗದ ಸಾವು ಇಲ್ಲ. 1997ರ ಮಾರ್ಚ್ 29ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕರ್ನಾಟಕದಿಂದಲೇ ಹೋಗಿ ದೇಶದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅವರು ಆ ಪತ್ರದಲ್ಲಿ ಒಂದು ಸರಳ ತತ್ತ್ವವನ್ನು ಮುಂದಿಟ್ಟರು. ಇನ್ನೊಬ್ಬರ ಪ್ರಾಣ ತೆಗೆಯುವ ವಿಶೇಷ ಹಕ್ಕು ಪೊಲೀಸರಿಗಿಲ್ಲ. ಆತ್ಮರಕ್ಷಣೆಯ ಹಕ್ಕು, ಗುರುತರ ಅಪರಾಧದ ಆರೋಪಿಯನ್ನು ಬಂಧಿಸುವಾಗಿನ ಬಲಪ್ರಯೋಗ ಎಂಬ ಎರಡು ಸಂದರ್ಭಗಳನ್ನು ಬಿಟ್ಟರೆ ಅಂಥ ಸಾವು ಅಪರಾಧವೇ ಆಗುತ್ತದೆ. ಆ ಸಂದರ್ಭವಿತ್ತೇ ಎಂಬುದು ತನಿಖೆಯಿಂದ ತಿಳಿಯಬೇಕು. 2014ರ ಸೆಪ್ಟೆಂಬರ್ 23ರಂದು ಸರ್ವೋಚ್ಚ ನ್ಯಾಯಾಲಯವು ಪಿಯುಸಿಎಲ್ ಪ್ರಕರಣದಲ್ಲಿ 16 ಅಂಶಗಳ ಮಾರ್ಗಸೂಚಿಯನ್ನು ನೀಡಿತು. ಎಫ್‌ಐಆರ್ ದಾಖಲಾಗಬೇಕು, ಸಿಐಡಿ ಅಥವಾ ಬೇರೆ ಠಾಣೆಯ ಪೊಲೀಸರು ತನಿಖೆ ನಡೆಸಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು, ಘಟನೆಯ ಬೆನ್ನಿಗೇ ಬಡ್ತಿಯನ್ನೋ ಶೌರ್ಯ ಪ್ರಶಸ್ತಿಯನ್ನೋ ಕೊಡಬಾರದು ಎಂಬುವು ಅದರಲ್ಲಿವೆ. ನ್ಯಾಯಾಲಯವೂ ‘ಎನ್‌ಕೌಂಟರ್’ ಪದವನ್ನು ಬಳಸದೆ ಬಿಟ್ಟಿಲ್ಲ, ನಿಜ. ಆದರೆ ಅಲ್ಲಿ ಆ ಪದ ತನಿಖೆಯ ಆರಂಭ. ತಲೆಬರಹದಲ್ಲಿ ಅದು ತನಿಖೆಯ ಮುಕ್ತಾಯ.

ಮುಸುಕಾಗಿದ್ದ ಪದ ಬೇಡಿಕೆಯಾದ ಹಂತವೂ ಬಂತು. 2019ರ ಡಿಸೆಂಬರ್ 6ರಂದು ಹೈದರಾಬಾದಿನ ಬಳಿ, ಯುವ ಪಶುವೈದ್ಯೆಯೊಬ್ಬರ ಮೇಲಿನ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸ್ ವಶದಲ್ಲಿದ್ದಾಗಲೇ ಗುಂಡಿಗೆ ಸತ್ತರು. ಆಯುಧ ಕಸಿದು ದಾಳಿ ಮಾಡಿದರೆಂದು ಪೊಲೀಸರು ಹೇಳಿದರು. ಜನ ಆ ವಿವರಣೆಯನ್ನು ನಂಬಿ ಸಮಾಧಾನಗೊಳ್ಳಲಿಲ್ಲ. ವಿವರಣೆಯ ಗೊಡವೆಯೇ ಇಲ್ಲದೆ ಪೊಲೀಸರ ಮೇಲೆ ಹೂವೆರಚಿದರು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪೂರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆಯೆಂದೂ 10 ಪೊಲೀಸರನ್ನು ಕೊಲೆಯ ಆರೋಪದಡಿ ವಿಚಾರಣೆಗೆ ಒಳಪಡಿಸಬೇಕೆಂದೂ ಅದು ಅಭಿಪ್ರಾಯಪಟ್ಟಿತು. ಆಯೋಗದ ವರದಿ ತೀರ್ಪಲ್ಲ. ಆದರೆ ಹೂವೆರಚಿದವರಿಗೆ ಈ ವರದಿಯಲ್ಲಿ ಹೊಸತೇನೂ ಇದ್ದಿರಲಾರದು ಎಂಬುದು ಯೋಚಿಸಬೇಕಾದ ಮಾತು. ಘೋರ ಅಪರಾಧವೊಂದು ನಡೆದಾಗ ‘ಅವರನ್ನು ಎನ್‌ಕೌಂಟರ್ ಮಾಡಿ’ ಎಂಬ ಕೂಗು ಈಗ ಎಲ್ಲ ಕಡೆ ಕೇಳುತ್ತದೆ. ಪದದ ದ್ವಿತೀಯಾ ವಿಭಕ್ತಿ ಸತ್ಯವನ್ನು ಹೊರಗೆಳೆಯಿತು, ನಿಜ. ಹೊರಬಂದ ಸತ್ಯದಿಂದ ಯಾರೂ ಬೆಚ್ಚಲಿಲ್ಲ. ‘ಕೊಲ್ಲಿ’ ಎಂದು ನೇರವಾಗಿ ಕೂಗಲು ಅಳುಕುವ ನಾಲಗೆ ‘ಎನ್‌ಕೌಂಟರ್ ಮಾಡಿ’ ಎನ್ನಲು ಅಳುಕುವುದಿಲ್ಲ. ಲಿಪ್ಯಂತರದ ಅಪಾಯ ಇರುವುದು ಇಲ್ಲಿ. ಅದು ಅರ್ಥವನ್ನು ತಿಳಿಸುತ್ತದೆ, ಅರ್ಥದ ಭಾರವನ್ನು ಮಾತ್ರ ಹೊರಿಸುವುದಿಲ್ಲ.

ಪತ್ರಿಕೆಗಳ ಕಡೆಯಿಂದ ಒಂದು ಸಮಾಧಾನವಿದೆ: ವರದಿಯ ಕೊನೆಗೆ ‘ಎಂದು ಪೊಲೀಸರು ತಿಳಿಸಿದ್ದಾರೆ’ ಎಂದು ಬರೆಯಲಾಗುತ್ತದೆಯಷ್ಟೆ. ಆದರೆ ‘ಎಂದು’ ಎಂಬುದು ವಾಕ್ಯವನ್ನು ಕಟ್ಟಿಹಾಕುತ್ತದೆಯೇ ಹೊರತು ತಲೆಬರಹದ ನಾಮಪದವನ್ನಲ್ಲ. ಯಾರು ಮೊದಲು ಗುಂಡು ಹಾರಿಸಿದರೆಂಬ ವಿವರಕ್ಕೆ ಪೊಲೀಸರು ಹೊಣೆ. ಘಟನೆಗೆ ಇಟ್ಟ ಹೆಸರಿಗೆ ಪತ್ರಿಕೆಯೇ ಹೊಣೆ. ಆಡುಗನ್ನಡದಲ್ಲಿ ‘ಅಂತೆ’ ಎಂಬ ಅಮೂಲ್ಯ ಪ್ರತ್ಯಯವಿದೆ. ಕಣ್ಣಾರೆ ಕಾಣದ್ದನ್ನು ಹೇಳುವಾಗ ಅಕ್ಷರ ಬಾರದವರೂ ಅದನ್ನು ಮರೆಯುವುದಿಲ್ಲ. ಪತ್ರಿಕೆ ಓದಿ ಎದ್ದವರು ‘ಎನ್‌ಕೌಂಟರ್ ಆಯ್ತಂತೆ’ ಎನ್ನುತ್ತಾರೆ. ವರದಿ ಕಳೆದುಕೊಂಡ ಸಂಶಯವನ್ನು ಓದುಗ ತನ್ನ ಮಾತಿನಲ್ಲಿ ಮರಳಿ ಸೇರಿಸುತ್ತಾನೆ.

ಅಮೆರಿಕದ ಪತ್ರಿಕೆಗಳಿಗೂ ಇಂಥದೇ ಒಂದು ರೋಗವಿತ್ತು. ಪೊಲೀಸನು ಗುಂಡು ಹಾರಿಸಿದ ಘಟನೆಗೆ ‘ಅಧಿಕಾರಿ ಒಳಗೊಂಡ ಗುಂಡು ಹಾರಾಟ’ ಎಂಬರ್ಥದ ನುಡಿಗಟ್ಟನ್ನು ಅಲ್ಲಿ ಬಳಸುತ್ತಿದ್ದರು. ಅಧಿಕಾರಿ ಗುಂಡು ಹೊಡೆದನೋ, ಗುಂಡು ತಿಂದನೋ ಅದರಿಂದ ತಿಳಿಯದು. ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯ ಶೈಲಿ ಕೈಪಿಡಿ ಈಗ ಅದನ್ನು ಅಸ್ಪಷ್ಟ ಪರಿಭಾಷೆಯೆಂದು ಗುರುತಿಸಿ, ಬಳಸಬೇಡಿರೆಂದು ಸಲಹೆ ನೀಡುತ್ತದೆ. ರೂಢಿಗೆ ಬಂದ ಪದವನ್ನು ಪತ್ರಿಕೋದ್ಯಮ ಕೈಬಿಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಸಾವಿನ ಬಗೆಯನ್ನು ಕ್ರಿಯಾಪದದಿಂದಲೇ ಬೇರ್ಪಡಿಸಿ ತೋರುವ ಶಿಸ್ತು ಕನ್ನಡಕ್ಕೆ ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಏಳನೆಯ ಶತಮಾನದ ನಿಸಿಧಿ ಶಾಸನಗಳು ವ್ರತವಿಡಿದು ದೇಹ ಬಿಟ್ಟವರನ್ನು ‘ಮುಡಿಪಿದರ್’ ಎಂಬ ಕ್ರಿಯೆಯಿಂದ ಗುರುತಿಸುತ್ತವೆ. ವೀರಗಲ್ಲಿನ ವೀರ ‘ಕಾದಿ’ ಸಾಯುತ್ತಾನೆ, ‘ಇಱಿದು’ ಸಾಯುತ್ತಾನೆ. ತುಱುಗೋಳಿನಲ್ಲಿಯೋ, ಪೆಣ್ಬುಯ್ಯಲಿನಲ್ಲಿಯೋ, ಊರಳಿವಿನಲ್ಲಿಯೋ ಎಂಬ ಸಂದರ್ಭವನ್ನೂ ಅನೇಕ ಕಲ್ಲುಗಳು ಹೇಳುತ್ತವೆ. ವೀರಗಲ್ಲು ನಿಷ್ಪಕ್ಷಪಾತವಾದ ದಾಖಲೆಯಲ್ಲ, ಅದು ಒಂದು ಪಕ್ಷದ ಪ್ರಶಂಸೆ. ಆದರೆ ತಾನು ಯಾರ ಪರವಾಗಿ ನಿಂತ ಕಲ್ಲೆಂಬುದನ್ನು ಅದು ಮರೆಮಾಚುವುದಿಲ್ಲ. ಕಾದಿದ್ದರೆ ಮಾತ್ರ ‘ಕಾದಿ’ ಎಂದು ಕೆತ್ತಬೇಕೆಂಬ ನಿರೀಕ್ಷೆಯ ಮೇಲೆಯೇ ಅದರ ಗೌರವ ನಿಂತಿದೆ.

ಇಷ್ಟು ಸಂಪನ್ನವಾದ ಕ್ರಿಯಾಪದ ಪರಂಪರೆಯುಳ್ಳ ಭಾಷೆಯ ಪತ್ರಿಕೆಗಳು ಒಂದು ಸವೆದ ನಾಮಪದವನ್ನು ಆಶ್ರಯಿಸಬೇಕಾದ ಬಡತನವೇನೂ ಇಲ್ಲ. ‘ಪೊಲೀಸರ ಗುಂಡಿಗೆ ಆರೋಪಿ ಸಾವು, ಆತ ಮೊದಲು ದಾಳಿ ಮಾಡಿದನೆಂದು ಪೊಲೀಸರ ಹೇಳಿಕೆ’ ಎಂದು ಬರೆದರೆ ತಲೆಬರಹ ಸ್ವಲ್ಪ ಉದ್ದವಾಗುತ್ತದೆ, ಅಷ್ಟೆ. ಅದರಲ್ಲಿ ಸತ್ತವನಿದ್ದಾನೆ, ಗುಂಡು ಹಾರಿಸಿದವರಿದ್ದಾರೆ, ಯಾರ ಹೇಳಿಕೆಯೆಂಬುದೂ ಇದೆ. ಅದು ಪೊಲೀಸರನ್ನು ಕೊಲೆಗಾರರೆನ್ನುವುದಿಲ್ಲ, ಸತ್ತವನನ್ನು ನಿರಪರಾಧಿಯೆನ್ನುವುದೂ ಇಲ್ಲ. ಕಾದಾಟ ನಡೆದದ್ದು ವಿಚಾರಣೆಯಿಂದ ಸಿದ್ಧವಾದ ದಿನ ‘ಕಾದಾಟ’ ಎಂದೇ ಬರೆಯಬಹುದು. ಕೊಲೆಯೆಂದು ಸಿದ್ಧವಾದ ದಿನ ‘ಕೊಲೆ’ ಎಂದು ಬರೆಯಲು ಅಂಜಬೇಕಾಗಿಲ್ಲ.